ಹೆಬ್ಬೆರಳಿನ ಬೇನೆಗೆ ಮದ್ದು ಬಂದ ದಾರಿ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬ ಚಾಲುಕ್ಯರಿಂದ ಹಿಡಿದು ವಿಜಯನಗರದವರೆಗಿನ ಅರಸರ ಕಥೆಗೆ ಮೀಸಲಾದ ಸ್ಥಳ. ಅಂಥ ಕಡೆ ಕಾಲಿನ ಹೆಬ್ಬೆರಳಿನ ಚರಿತ್ರೆಯನ್ನು ತಂದಿರಿಸುತ್ತಿದ್ದೇವಲ್ಲ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಅರಸರಿಗೂ ಹೆಬ್ಬೆರಳಿತ್ತು. ಯೂರೋಪಿನ ಅರ್ಧ ಭಾಗವನ್ನು ಆಳುತ್ತಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್ 1556ರಲ್ಲಿ ಪಟ್ಟವನ್ನು ಬಿಟ್ಟುಕೊಟ್ಟು ಸ್ಪೇನಿನ ಯೂಸ್ತೆ ಎಂಬಲ್ಲಿನ ಮಠವನ್ನು ಸೇರಿಕೊಂಡನು. ಆ ವೇಳೆಗೆ ಅವನಿಗೆ ಕುದುರೆಯನ್ನೇರುವುದಿರಲಿ, ಕಾಲೂರಿ ನಿಲ್ಲುವುದೂ ಕಷ್ಟವಾಗಿತ್ತು. ಅವನ ಒಣಗಿದ ಬೆರಳ ತುದಿಯೊಂದನ್ನು ಪ್ರತ್ಯೇಕವಾಗಿ ಕಾಪಾಡಿಕೊಂಡು ಬಂದಿದ್ದರು. ಸುಮಾರು ನಾಲ್ಕೂವರೆ ಶತಮಾನಗಳ ಮೇಲೆ, 2006ರಲ್ಲಿ, ಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಬೆರಳಿನ ತುಂಬ ಯೂರಿಕ್ ಆಮ್ಲದ ಹರಳುಗಳು. ಇಂಗ್ಲಿಷಿನಲ್ಲಿ ಗೌಟ್ ಎಂದು ಕರೆಯುವ ರೋಗದ ಗುರುತು ಅದು.

ಹಾಗೆಂದು ಇದು ಅರಸರ ರೋಗ, ನಮಗೇಕೆ ಎಂದು ನಿಶ್ಚಿಂತರಾಗುವಂತಿಲ್ಲ. ಊರು ಬಿಟ್ಟು ಚೆನ್ನೈಗೆ ಬಂದು ನೆಲಸಿರುವ ನಮ್ಮ ಕುಟುಂಬಗಳಲ್ಲಿ ಬಹುಮಂದಿ ಕುರ್ಚಿಯಲ್ಲಿ ಕುಳಿತೇ ಹೊಟ್ಟೆ ಹೊರೆಯುವವರು. ನಮ್ಮ ಸಂಘದ ಸದಸ್ಯರನ್ನೇ ವಿಚಾರಿಸಿದರೆ ನಾಲ್ಕಾರು ಮಂದಿಯಾದರೂ ಒಂದೇ ಬಗೆಯ ಅನುಭವ ಹೇಳುತ್ತಾರೆ. ರಾತ್ರಿ ಸುಖವಾಗಿ ಮಲಗಿದ್ದೆ. ಎರಡನೆಯ ಜಾವದಲ್ಲಿ ಹೆಬ್ಬೆರಳಿನ ಬುಡಕ್ಕೆ ಕೆಂಡವಿಟ್ಟಂತಾಯಿತು. ಹೊದಿಕೆಯ ಅಂಚು ತಗುಲಿದರೂ ಪ್ರಾಣ ಹೋಗುವಂಥ ಬೇನೆ. ಬೆಳಗಾಗುವ ಹೊತ್ತಿಗೆ ಬೆರಳು ಕೆಂಪಾಗಿ ಬಾತಿತ್ತು. ಆಮೇಲೆ ಎಲ್ಲರೂ ಮಾಡುವುದೂ ಒಂದೇ. ಬೀದಿಯ ಕೊನೆಯ ಔಷಧದ ಅಂಗಡಿಯಲ್ಲಿ ‘ಒಂದು ನೋವಿನ ಮಾತ್ರೆ ಕೊಡಿ’ ಎನ್ನುತ್ತಾರೆ. ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ಇಳಿಯುವುದೇ ಈ ಬಾವಿನ ಸ್ವಭಾವ. ಇಳಿದ ಕೀರ್ತಿ ಮಾತ್ರ ಆ ಮಾತ್ರೆಗೆ ಸಲ್ಲುತ್ತದೆ. ಮುಂದಿನ ಸಲ ಬಂದಾಗ ಮತ್ತೆ ಅದೇ ಅಂಗಡಿ, ಅದೇ ಮಾತ್ರೆ.

ನಾವು ವೈದ್ಯರಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಮೇಜು ಸೇರಿದವರು. ನಾಡಿ ಹಿಡಿದು ತಿಳಿಯದು, ಲೆಕ್ಕ ಹಿಡಿದು ತಿಳಿದೀತು. ಆದರೂ ಈ ರೋಗದ ಮದ್ದುಗಳ ಚರಿತ್ರೆಯನ್ನು ಓದುತ್ತ ಹೋದಂತೆ ಅದು ಬಹುಮಟ್ಟಿಗೆ ಲೆಕ್ಕದ ಕಥೆಯೇ ಎಂದು ತೋರಿತು. ಎಷ್ಟು ಕೊಟ್ಟರೆ ಮದ್ದು, ಎಷ್ಟು ಕೊಟ್ಟರೆ ವಿಷ ಎಂಬ ಲೆಕ್ಕವನ್ನು ಸರಿಮಾಡಿಕೊಳ್ಳಲು ಮನುಷ್ಯನಿಗೆ ಸಾವಿರದ ನಾನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ.

ಮೊದಲು ಹೆಸರಿನ ಮಾತು. ಲ್ಯಾಟಿನ್ ಭಾಷೆಯಲ್ಲಿ ‘ಗುತ್ತಾ’ ಎಂದರೆ ತೊಟ್ಟು. ಕೆಟ್ಟ ರಸವೊಂದು ತೊಟ್ಟುತೊಟ್ಟಾಗಿ ಕೀಲಿನೊಳಗೆ ಇಳಿಯುತ್ತದೆಂದು ನಂಬಿದ್ದ ಕಾಲದ ಶಬ್ದ. ಅದೇ ಸವೆದು ಗೌಟ್ ಆಯಿತು. ಗ್ರೀಕರು ಇದನ್ನು ‘ಪೊಡಾಗ್ರ’ ಎಂದರು, ಕಾಲಿಗೆ ಬಿದ್ದ ಬೋನು ಎಂದರ್ಥ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಬಹಳ ಹತ್ತಿರವಾಗಿ ತೋರುವುದು ‘ವಾತರಕ್ತ’. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 29ನೆಯ ಅಧ್ಯಾಯವೆಲ್ಲ ಇದರದೇ. ಇದಕ್ಕಿರುವ ಇನ್ನೊಂದು ಹೆಸರು ‘ಆಢ್ಯವಾತ’. ಆಢ್ಯರೆಂದರೆ ಸಿರಿವಂತರು. ಮೃದು ಶರೀರದವರಿಗೆ, ಚೆನ್ನಾಗಿ ಉಂಡು ನಡೆದಾಡದೆ ಕುಳಿತಿರುವವರಿಗೆ ಇದು ಬರುತ್ತದೆಂದೂ, ಪಾದದಿಂದಲೋ ಕೈಯಿಂದಲೋ ಹೊರಟು ಇಲಿಯ ವಿಷದಂತೆ ಮೆಲ್ಲಮೆಲ್ಲನೆ ಮೈಗೆಲ್ಲ ಹರಡುತ್ತದೆಂದೂ ನಮ್ಮ ಹಳೆಯ ವೈದ್ಯರು ಬರೆದರು. ವಾತರಕ್ತವೂ ಗೌಟೂ ಅಕ್ಷರಶಃ ಒಂದೇ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ರೋಗಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು ನೋಡದೆ ಇಂಥ ವರ್ಣನೆ ಬರೆಯಲಾಗದು. ಅವರು ಇದಕ್ಕೆ ಮುಖ್ಯವಾಗಿ ಹೇಳಿದ ಮೂಲಿಕೆ ನಮ್ಮ ಹಿತ್ತಿಲಿನ ಅಮೃತಬಳ್ಳಿ.

ಪಶ್ಚಿಮದ ವೈದ್ಯರ ಕೈಗೆ ಸಿಕ್ಕಿದ ಮೂಲಿಕೆ ಅಮೃತದ ಹೆಸರಿನದಲ್ಲ, ವಿಷದ ಹೆಸರಿನದು. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿ, ಈಗ ಜಾರ್ಜಿಯಾ ಎನ್ನುವ ದೇಶವಿರುವ ಕಡೆ, ಕೊಲ್ಕಿಸ್ ಎಂಬ ನಾಡಿತ್ತು. ಗ್ರೀಕರ ಪುರಾಣದಲ್ಲಿ ವಿಷವಿದ್ಯೆಗೆ ಹೆಸರಾದ ಮೆದೆಯಾ ಆ ನಾಡಿನ ರಾಜಕುಮಾರಿ. ಆ ನಾಡಿನ ಹೆಸರನ್ನೇ ಹೊತ್ತ ‘ಕೊಲ್ಚಿಕಂ’ ಎಂಬ ಪುಟ್ಟ ಗಿಡ ಯೂರೋಪಿನ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಹೂ ಬಿಡುವ ಗಿಡಗಳುಂಟಷ್ಟೆ. ಹಾಗೆ ಇದು ಅಲ್ಲಿಯ ಶರತ್ಕಾಲದಲ್ಲಿ ಎಲೆಯೇ ಇಲ್ಲದೆ ನೆಲದಿಂದ ನೇರವಾಗಿ ನಸುನೇರಳೆ ಹೂವನ್ನು ಎತ್ತುತ್ತದೆ. ಎಲೆ ಬರುವುದು ಮುಂದಿನ ವಸಂತದಲ್ಲಿ. ನೋಡಲು ಕೇಸರಿಯ ಹೂವಿನಂತೆಯೇ. ಕೇಸರಿಗೆ ಮೂರು ಕೇಸರಗಳು, ಇದಕ್ಕೆ ಆರು. ಆ ಎಣಿಕೆ ತಪ್ಪಿದವರು ಪ್ರಾಣ ಕಳೆದುಕೊಂಡದ್ದುಂಟು.

ಕ್ರಿಸ್ತಪೂರ್ವದ ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೊಫ್ರಾಸ್ಟಸ್ ಈ ಗಡ್ಡೆಯ ಬಗೆಗೆ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಒಡೆಯರ ಕಾಟ ಮಿತಿಮೀರಿದಾಗ ಗುಲಾಮರು ಇದನ್ನು ಸ್ವಲ್ಪ ತಿಂದು ಕಾಯಿಲೆ ಬೀಳುತ್ತಿದ್ದರಂತೆ. ರಜಾ ಅರ್ಜಿಗೆ ವೈದ್ಯರ ಚೀಟಿ ಲಗತ್ತಿಸುವ ನಮ್ಮಂಥವರು ಆ ಕಾಲದಲ್ಲಿ ಹುಟ್ಟದೆ ಬಚಾವಾದೆವು. ಕ್ರಿ. ಶ. ಒಂದನೆಯ ಶತಮಾನದ ಡಯಸ್ಕೊರೈಡಿಸ್ ಎಂಬ ವೈದ್ಯನಂತೂ ಇದು ವಿಷದ ಅಣಬೆಯಂತೆ ಉಸಿರುಕಟ್ಟಿಸಿ ಕೊಲ್ಲುತ್ತದೆ, ಜನ ತಿಳಿಯದೆ ತಿನ್ನಬಾರದೆಂದೇ ಬರೆಯುತ್ತಿದ್ದೇನೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದಾನೆ.

ಕೊಲ್ಲುವ ಈ ಗಡ್ಡೆಯ ಜಾತಿಯದನ್ನೇ ಗೌಟಿಗೆ ಮದ್ದಾಗಿ ಸ್ಪಷ್ಟವಾಗಿ ಹೇಳಿದವನು ಆರನೆಯ ಶತಮಾನದ ಟ್ರಾಲ್ಲೆಸ್ಸಿನ ಅಲೆಕ್ಸಾಂಡರ್. ಇವನ ಅಣ್ಣತಮ್ಮಂದಿರಲ್ಲೊಬ್ಬನಾದ ಆಂಥೆಮಿಯಸ್ ಕಾನ್‌ಸ್ಟಾಂಟಿನೋಪಲಿನ ಪ್ರಸಿದ್ಧ ಹಾಗಿಯಾ ಸೋಫಿಯಾ ದೇವಾಲಯವನ್ನು ಕಟ್ಟಿದ ಶಿಲ್ಪಿಗಳಲ್ಲೊಬ್ಬ. ಒಂದೇ ಮನೆಯವರು ಒಬ್ಬರು ಗೋಪುರ ನಿಲ್ಲಿಸಿದರು, ಇನ್ನೊಬ್ಬರು ಬಿದ್ದವರನ್ನು ನಿಲ್ಲಿಸಿದರು! ಅಲೆಕ್ಸಾಂಡರನು ಹೇಳಿದ ಗಡ್ಡೆಯ ಹೆಸರು ‘ಹರ್ಮೊಡಾಕ್ಟೈಲ್’. ನೋವು ಬೇಗ ಇಳಿಯುವುದನ್ನೂ, ಜೊತೆಗೇ ಇದು ಹೊಟ್ಟೆಗೆ ಕೆಡುಕು ಮಾಡುವುದನ್ನೂ ಅವನು ಗುರುತಿಸಿದ್ದನು. ಮುಂದೆ ಅರಬ್ಬೀ ವೈದ್ಯರು ಇದನ್ನು ‘ಸೂರಿಂಜಾನ್’ ಎಂದು ಕರೆದು ಬಳಸಿದರು. ಆ ದಾರಿಯಲ್ಲಿಯೇ ಅದು ನಮ್ಮ ದೇಶಕ್ಕೂ ಬಂತು. ಕಾಶ್ಮೀರದ ಕಡೆ ಹಿಮ ಕರಗುವ ಹೊತ್ತಿಗೆ ಹಳದಿ ಹೂ ಬಿಡುವ ಕೊಲ್ಚಿಕಂ ಒಂದುಂಟು. ಯುನಾನಿ ಹಕೀಮರ ‘ಕಹಿ ಸೂರಂಜಾನ್’ ಅದರ ಗಡ್ಡೆಯೇ. ಯುನಾನಿ ಅಂಗಡಿಗಳಲ್ಲಿ ಇಂದಿಗೂ ಕೀಲುನೋವಿಗೆಂದು ಮಾಜೂನ್ ಸೂರಂಜಾನ್ ಕೇಳಿದರೆ ಸಿಗುತ್ತದೆ.

ಇಷ್ಟು ಪ್ರಚಾರದಲ್ಲಿದ್ದ ಮದ್ದು ಯೂರೋಪಿನಲ್ಲಿ ನಡುವೆ ಮರೆಯಾಯಿತು. ಕೊಂದೀತೆಂಬ ಹೆದರಿಕೆ ಒಂದು ಕಾರಣ. ಇನ್ನೊಂದು ಕಾರಣ ಥಾಮಸ್ ಸಿಡ್ನಮ್ ಎಂಬ ಆಂಗ್ಲ ವೈದ್ಯ. ತಾನೇ ಮೂವತ್ತಕ್ಕೂ ಮೇಲ್ಪಟ್ಟು ವರ್ಷ ಗೌಟಿನಿಂದ ನರಳಿದ ಈತ 1683ರಲ್ಲಿ ಈ ರೋಗದ ಮೇಲೊಂದು ಗ್ರಂಥ ಬರೆದನು. ಮಧ್ಯರಾತ್ರಿ ಬೆರಳು ಉರಿದೇಳುವುದರ ವರ್ಣನೆ ಅದರಲ್ಲಿರುವಷ್ಟು ಚೆನ್ನಾಗಿ ಬೇರೆಲ್ಲಿಯೂ ಇಲ್ಲವೆಂದು ವೈದ್ಯರು ಇಂದಿಗೂ ಹೇಳುತ್ತಾರೆ. ಬಡವರಿಗಿಂತ ಶ್ರೀಮಂತರನ್ನು, ದಡ್ಡರಿಗಿಂತ ಬುದ್ಧಿವಂತರನ್ನು ಇದು ಹೆಚ್ಚಾಗಿ ಹಿಡಿಯುತ್ತದೆಂದು ಅವನು ತನ್ನನ್ನು ತಾನು ಸಮಾಧಾನಪಡಿಸಿಕೊಂಡಿದ್ದಾನೆ. ಆದರೆ ಭೇದಿಯಾಗಿಸುವ ಯಾವ ಔಷಧವೂ ಗೌಟಿಗೆ ಹಾನಿಕರವೆಂಬುದು ಅವನ ಮತ. ದೊಡ್ಡವರ ಮಾತು, ಕೇಳದವರಾರು? ಒಬ್ಬ ಪ್ರಾಮಾಣಿಕ ವೈದ್ಯನ ಅಭಿಪ್ರಾಯದಿಂದ ಉಪಯುಕ್ತವಾದ ಮದ್ದೊಂದು ನೂರು ವರ್ಷ ಮೂಲೆ ಸೇರಿತು.

ಅಷ್ಟರಲ್ಲಿ ಅಮೆರಿಕಾದ ಬೆಂಜಮಿನ್ ಫ್ರಾಂಕ್ಲಿನ್ನನೂ ಈ ಬೋನಿಗೆ ಬಿದ್ದನು. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ 1780ರಲ್ಲಿ ಅವನು ತನಗೂ ಗೌಟಿಗೂ ನಡೆದ ಸಂಭಾಷಣೆಯೊಂದನ್ನು ಬರೆದಿದ್ದಾನೆ. ಅದರಲ್ಲಿ ಗೌಟ್ ಒಬ್ಬ ಗಟ್ಟಿ ಬಾಯಿಯ ಹೆಂಗಸು. ನಡೆದಾಡದೆ ಗಾಡಿಯಲ್ಲಿ ಹೋಗುತ್ತೀ, ಊಟವಾದ ಮೇಲೆ ಚದುರಂಗಕ್ಕೆ ಕೂಡುತ್ತೀ ಎಂದು ಅವಳು ಆ ಮಹಾಪುರುಷನನ್ನು ಚೆನ್ನಾಗಿ ಬೈಯುತ್ತಾಳೆ. ನಮ್ಮ ಮನೆಗಳಲ್ಲಿ ಈ ಪಾತ್ರಕ್ಕೆ ಬೇರೆ ನಟಿಯನ್ನು ಹುಡುಕಬೇಕಾಗಿಲ್ಲ.

ಮದ್ದು ಮತ್ತೆ ಬೆಳಕಿಗೆ ಬಂದದ್ದು ವೈದ್ಯರಿಂದಲ್ಲ, ಸೇನಾಧಿಕಾರಿಯೊಬ್ಬನಿಂದ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ನಿಕೊಲಾ ಹುಸ್ಸೋನ್ ಎಂಬ ಫ್ರೆಂಚ್ ಅಧಿಕಾರಿ ‘ಔಷಧಜಲ’ ಎಂಬರ್ಥದ ಹೆಸರಿಟ್ಟು ಒಂದು ದ್ರಾವಣವನ್ನು ಮಾರಾಟಕ್ಕೆ ತಂದನು. ಅದರಲ್ಲಿ ಏನಿದೆಯೆಂಬುದು ಗುಟ್ಟು. ಸರ್ವರೋಗಕ್ಕೂ ಆದೀತೆಂದು ಅವನ ಜಾಹೀರಾತು. ಗೌಟಿಗಂತೂ ನಿಜವಾಗಿಯೇ ಆಗುತ್ತಿತ್ತು. ಅದು ಲಂಡನ್ನಿಗೂ ಹೋಯಿತು. ಅಲ್ಲಿಯ ರಾಯಲ್ ಸೊಸೈಟಿಯ ಅಧ್ಯಕ್ಷ, ಗೌಟಿನಿಂದ ಚಕ್ರದ ಕುರ್ಚಿ ಹಿಡಿದಿದ್ದ ಸರ್ ಜೋಸೆಫ್ ಬ್ಯಾಂಕ್ಸ್, 1810ರ ಸುಮಾರಿನಲ್ಲಿ ಅದನ್ನು ಸೇವಿಸಿ ಗುಣ ಕಂಡನು. ಇಡೀ ಬ್ರಿಟನ್ನಿನ ಸಸ್ಯಶಾಸ್ತ್ರಕ್ಕೆ ಹಿರಿಯನಾದವನು ತಾನು ಕುಡಿಯುತ್ತಿರುವುದು ಯಾವ ಸಸ್ಯದ ರಸವೆಂದು ತಿಳಿಯದೆ ಕುಡಿಯಬೇಕಾಯಿತು. ಗುಟ್ಟನ್ನು ರಟ್ಟು ಮಾಡಿದವನು ಜಾನ್ ವಾಂಟ್ ಎಂಬ ಲಂಡನ್ನಿನ ಶಸ್ತ್ರವೈದ್ಯ. ಸೀಸೆಯಲ್ಲಿರುವುದು ಹಳೆಯ ಕೊಲ್ಚಿಕಮ್ಮೇ ಎಂದು ಅವನು 1814ರಲ್ಲಿ ಪ್ರಕಟಿಸಿಬಿಟ್ಟನು. ಹುಲ್ಲುಗಾವಲಿನಲ್ಲಿ ಪುಕ್ಕಟೆ ಬೆಳೆಯುವುದನ್ನು ಗುಟ್ಟು ಮಾಡಿ ಬೆಲೆ ಕಟ್ಟಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇನ್ನೊಮ್ಮೆ ಬೇಕಾಗುತ್ತದೆ.

1820ರಲ್ಲಿ ಪೆಲ್ಲೆತಿಯೇ ಮತ್ತು ಕವಂತು ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಆ ಗಡ್ಡೆಯ ಸಾರವನ್ನು ಬೇರ್ಪಡಿಸಿದರು. ಮಲೇರಿಯಾಕ್ಕೆ ಕ್ವಿನೀನನ್ನು ತೆಗೆದುಕೊಟ್ಟ ಜೋಡಿಯೇ ಇದು. 1833ರಲ್ಲಿ ಜರ್ಮನಿಯ ಗೈಗರ್ ಅದನ್ನು ಶುದ್ಧಗೊಳಿಸಿ ‘ಕೊಲ್ಚಿಸಿನ್’ ಎಂಬ ಹೆಸರು ಕೊಟ್ಟನು. ಅದೇ ಇಂದು ಅರ್ಧ ಮಿಲಿಗ್ರಾಮಿನ ಮಾತ್ರೆಯಾಗಿ ನಮ್ಮ ಕೈಗೆ ಬರುತ್ತಿರುವುದು.

ಮದ್ದೇನೋ ಸಿಕ್ಕಿತು, ರೋಗದ ಕಾರಣ ಸಿಕ್ಕಿರಲಿಲ್ಲ. ಷೀಲೆ ಎಂಬ ಶಾಸ್ತ್ರಜ್ಞ 1776ರಲ್ಲಿ ಮೂತ್ರದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಕಂಡುಹಿಡಿದಿದ್ದನು. 1797ರಲ್ಲಿ ವುಲಾಸ್ಟನ್ ಎಂಬಾತ ಗೌಟ್ ರೋಗಿಯ ಕೀಲಿನ ಗಂಟಿನಲ್ಲಿಯೂ ಅದೇ ಇದೆಯೆಂದು ತೋರಿಸಿದನು. ಅದು ರಕ್ತದಲ್ಲಿಯೇ ಹೆಚ್ಚಾಗಿರುತ್ತದೆಂದು 1848ರಲ್ಲಿ ಪ್ರಕಟಿಸಿದವನು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್. ಅವನು ಮುಂದೆ ರೂಢಿಗೆ ತಂದ ಪರೀಕ್ಷೆ ಎಷ್ಟು ಸರಳವೆಂದರೆ ನಮ್ಮ ಅಡಿಗೆಮನೆಯಲ್ಲಿಯೂ ನಡೆದೀತು. ರೋಗಿಯ ರಕ್ತದ ತಿಳಿಯನ್ನು ಗಾಜಿನ ತಟ್ಟೆಯಲ್ಲಿ ಹಾಕಿ, ಹುಳಿಯ ಆಮ್ಲವನ್ನು ಬೆರಸಿ, ಒಂದು ನೂಲಿನ ಎಳೆಯನ್ನು ಅದರಲ್ಲಿ ಬಿಟ್ಟಿಡುವುದು. ಕಲ್ಲುಸಕ್ಕರೆ ದಾರಕ್ಕೆ ಕಟ್ಟುವಂತೆ ಒಂದೆರಡು ದಿನದಲ್ಲಿ ಎಳೆಗೆ ಯೂರಿಕ್ ಆಮ್ಲದ ಹರಳು ಕಟ್ಟಿದರೆ ಗೌಟ್; ಕಟ್ಟದಿದ್ದರೆ ಬೇರೆ ವಾತ.

ಕಾರಣ ಸಿಕ್ಕಿದ ಮೇಲೆ ಗ್ಯಾರಡ್ ಹುಡುಕಿದ ಪರಿಹಾರ ಮಾತ್ರ ಫಲಿಸಲಿಲ್ಲ. ಲಿಥಿಯಂ ಲವಣ ಯೂರಿಕ್ ಆಮ್ಲವನ್ನು ಕರಗಿಸುತ್ತದೆ. ಆದ್ದರಿಂದ ಲಿಥಿಯಂ ಕೊಟ್ಟರೆ ಕೀಲಿನ ಹರಳೂ ಕರಗಬೇಕು ಎಂಬುದು ಅವನ ತರ್ಕ. ಗಾಜಿನ ತಟ್ಟೆಯಲ್ಲಿ ಕರಗಿದ್ದು ಮೈಯಲ್ಲಿ ಕರಗಲಿಲ್ಲ. ಲಿಥಿಯಂ ನೀರಿನ ಸೀಸೆಗಳು ಮಾತ್ರ ಯೂರೋಪು ಅಮೆರಿಕಾಗಳಲ್ಲಿ ದಶಕಗಟ್ಟಲೆ ಮಾರಾಟವಾದುವು. ಆದರೆ ಈ ಸೋತ ಮದ್ದಿಗೆ ಇನ್ನೊಂದು ಜನ್ಮವಿತ್ತು. 1940ರ ದಶಕದ ಕೊನೆಯ ಭಾಗದಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯ ಯೂರಿಕ್ ಆಮ್ಲದ ಮೇಲೆ ಪ್ರಯೋಗ ಮಾಡುತ್ತ, ಅದನ್ನು ಕರಗಿಸಲೆಂದು ಲಿಥಿಯಂ ಬಳಸಿದಾಗ ಪ್ರಾಣಿಗಳು ಶಾಂತವಾದುದನ್ನು ಕಂಡನು. ಉನ್ಮಾದದ ರೋಗಿಗಳಿಗೆ ಲಿಥಿಯಂ ಇಂದಿಗೂ ಮುಖ್ಯ ಔಷಧ.

ಯೂರಿಕ್ ಆಮ್ಲವೆಂದರೇನೆಂದು ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಜೀವಕೋಶಗಳು ಹಳೆಯದಾಗಿ ಒಡೆಯುವಾಗ ಪ್ಯೂರಿನ್ ಎಂಬ ವಸ್ತು ಹೊರಬರುತ್ತದೆ. ಆಹಾರದಿಂದಲೂ ಸ್ವಲ್ಪ ಸೇರುತ್ತದೆ. ಅದು ಕೊನೆಗೆ ಯೂರಿಕ್ ಆಮ್ಲವಾಗಿ, ಮೂರರಲ್ಲಿ ಎರಡು ಪಾಲು ಮೂತ್ರಪಿಂಡಗಳ ಮೂಲಕ, ಉಳಿದದ್ದು ಕರುಳಿನ ಮೂಲಕ ಹೊರಗೆ ಹೋಗಬೇಕು. ಬಹುಪಾಲು ಪ್ರಾಣಿಗಳಲ್ಲಿ ಇದನ್ನು ಇನ್ನೂ ಒಡೆದು ಸುಲಭವಾಗಿ ಕರಗುವಂತೆ ಮಾಡುವ ಕಿಣ್ವವೊಂದಿದೆ. ಮನುಷ್ಯನೂ ದೊಡ್ಡ ವಾನರಗಳೂ ಅದನ್ನು ಬಹು ಹಿಂದೆಯೇ ಕಳೆದುಕೊಂಡಿದ್ದಾವೆ. ಜಮೆ ಹೆಚ್ಚಾಗಿ ಖರ್ಚು ಕಡಿಮೆಯಾದರೆ ರಕ್ತದಲ್ಲಿ ಶಿಲ್ಕು ಬೆಳೆಯುತ್ತದೆ. ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳು ಕಟ್ಟಲು ಅನುಕೂಲ. ಮೈಯ ಬೇರೆ ಭಾಗಗಳಿಗಿಂತ ತಂಪಾಗಿರುವ ಹೆಬ್ಬೆರಳು ಮೊದಲ ಬಲಿ. ಹರಳನ್ನು ವೈರಿಯೆಂದು ಬಗೆದು ಬಿಳಿಯ ರಕ್ತಕಣಗಳು ಮುತ್ತುವುದೇ ಆ ರಾತ್ರಿಯ ಬೆಂಕಿ. ಕೊಲ್ಚಿಸಿನ್ ಈ ಕಣಗಳ ಓಡಾಟಕ್ಕೆ ಬೇಕಾದ ಒಳಗಿನ ತಂತುಗಳನ್ನು ಕಟ್ಟಗೊಡುವುದಿಲ್ಲ. ಹರಳನ್ನಾಗಲಿ ಆಮ್ಲವನ್ನಾಗಲಿ ಅದು ಮುಟ್ಟುವುದೇ ಇಲ್ಲ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಕೊಲ್ಚಿಸಿನ್ನಾಗಲಿ, ಅಂಗಡಿಯ ನೋವಿನ ಮಾತ್ರೆಯಾಗಲಿ, ಬಡ್ಡಿ ಕಟ್ಟಿದಂತೆ. ಸಾಲಗಾರ ಆ ತಿಂಗಳು ಬಾಗಿಲಿಗೆ ಬರುವುದಿಲ್ಲ. ಅಸಲು ಹಾಗೆಯೇ ನಿಂತಿರುತ್ತದೆ.

ಅಸಲಿಗೆ ಕೈಹಾಕಿದ ಔಷಧಗಳು ಬಂದದ್ದು ಎರಡನೆಯ ಮಹಾಯುದ್ಧದ ಮೇಲೆ, ಅದೂ ಬೇರೆ ಕೆಲಸಕ್ಕೆಂದು ಹೊರಟು ಅಕಸ್ಮಾತ್ತಾಗಿ. ಪೆನಿಸಿಲಿನ್ ಹೊಸದಾಗಿ ಬಂದಾಗ ಅದು ಚಿನ್ನಕ್ಕಿಂತ ದುರ್ಲಭ. ಕೊಟ್ಟದ್ದು ಬೇಗನೆ ಮೂತ್ರದಲ್ಲಿ ಹೋಗಿಬಿಡುತ್ತಿದ್ದುದರಿಂದ ಮೂತ್ರದಿಂದಲೇ ಅದನ್ನು ಮರಳಿ ತೆಗೆಯುತ್ತಿದ್ದ ಕಾಲ. ಅದನ್ನು ಮೈಯಲ್ಲಿಯೇ ತಡೆದು ನಿಲ್ಲಿಸಲು ಸಿದ್ಧಪಡಿಸಿದ ಪ್ರೊಬೆನೆಸಿಡ್ ಎಂಬ ಔಷಧ ಪೆನಿಸಿಲಿನ್ನನ್ನು ತಡೆಯಿತು, ಯೂರಿಕ್ ಆಮ್ಲವನ್ನು ಮಾತ್ರ ಹೊರಗೆ ತಳ್ಳಿತು! 1951ರ ಹೊತ್ತಿಗೆ ಅದು ಗೌಟಿನ ಔಷಧವಾಯಿತು. ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯಲ್ಲಿ ಗಟ್‌ಮನ್ ಎಂಬ ವೈದ್ಯರೂ, ಶಾಂಘೈಯಲ್ಲಿ ಹುಟ್ಟಿ ಅಮೆರಿಕಾಕ್ಕೆ ಬಂದು ನೆಲಸಿದ ತ್ಸೈ ಫಾನ್ ಯೂ ಎಂಬ ವೈದ್ಯೆಯೂ ಇದರ ಬಳಕೆಯನ್ನು ನೆಲೆಗೊಳಿಸಿದರು. ಕೊಲ್ಚಿಸಿನ್ನನ್ನು ಪ್ರತಿದಿನ ಸ್ವಲ್ಪಸ್ವಲ್ಪವೇ ಕೊಟ್ಟರೆ ಮುಂದಿನ ಹೊಡೆತವನ್ನೇ ತಪ್ಪಿಸಬಹುದೆಂದು ತೋರಿಸಿಕೊಟ್ಟವರಲ್ಲಿಯೂ ಇವರೇ ಪ್ರಮುಖರು.

ಇನ್ನು ಗರ್ಟ್ರೂಡ್ ಎಲಿಯನ್ ಎಂಬಾಕೆಯ ಕಥೆ. ಇದನ್ನು ನಮ್ಮ ಸಂಘದ ಹೆಣ್ಣುಮಕ್ಕಳು ಓದಬೇಕೆಂದು ನಮಗೆ ವಿಶೇಷವಾದ ಆಸೆ. ಪೂರ್ವ ಯೂರೋಪಿನಿಂದ ನ್ಯೂಯಾರ್ಕಿಗೆ ವಲಸೆ ಬಂದ ಮನೆತನದಲ್ಲಿ 1918ರಲ್ಲಿ ಹುಟ್ಟಿದವಳು. ತಂದೆ ದಂತವೈದ್ಯ, 1929ರಲ್ಲಿ ಷೇರು ಪೇಟೆ ಕುಸಿದಾಗ ಇದ್ದುದೆಲ್ಲ ಹೋಯಿತು. ಹದಿನೈದನೆಯ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರಿನಿಂದ ತೀರಿಕೊಂಡುದನ್ನು ಕಂಡು ರಸಾಯನಶಾಸ್ತ್ರವನ್ನು ಹಿಡಿದಳು. ಓದಿ ಮುಗಿಸಿದ ಮೇಲೆ ಪ್ರಯೋಗಶಾಲೆಗಳಲ್ಲಿ ಹೆಣ್ಣಿಗೆ ಕೆಲಸವಿಲ್ಲ. ಸಂಬಳವಿಲ್ಲದೆ ದುಡಿದಳು, ಆಹಾರ ಪದಾರ್ಥಗಳ ಕಂಪೆನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿ ಎಷ್ಟಿದೆಯೆಂದು ಪರೀಕ್ಷಿಸುವ ಕೆಲಸ ಮಾಡಿದಳು. ಯುದ್ಧಕ್ಕೆ ಗಂಡಸರು ಹೋಗಿ ಜಾಗಗಳು ತೆರವಾದಾಗ, 1944ರಲ್ಲಿ, ಬರೋಸ್ ವೆಲ್ಕಂ ಕಂಪೆನಿಯಲ್ಲಿ ಜಾರ್ಜ್ ಹಿಚಿಂಗ್ಸರ ಸಹಾಯಕಳಾಗಿ ಸೇರಿದಳು. ಕೆಲಸ ಬಿಡಲಾರದೆ ಡಾಕ್ಟರೇಟಿನ ಓದನ್ನು ಅರ್ಧಕ್ಕೆ ನಿಲ್ಲಿಸಿದಳು.

ಇವರಿಬ್ಬರೂ ರಕ್ತದ ಕ್ಯಾನ್ಸರಿಗೆ ಔಷಧವೊಂದನ್ನು ಸಿದ್ಧಪಡಿಸಿದ್ದರು. ಮೈಯಲ್ಲಿರುವ ಜ್ಯಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಬೇಗನೆ ಒಡೆದುಹಾಕುತ್ತಿತ್ತು. ಆ ಕಿಣ್ವದ ಕೈ ಕಟ್ಟಲು ಅಲೊಪ್ಯೂರಿನಾಲ್ ಎಂಬ ವಸ್ತುವನ್ನು ಜೊತೆಗೂಡಿಸಿ ಕೊಟ್ಟು ನೋಡಿದರು. ಕ್ಯಾನ್ಸರಿನಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಆದರೆ ರೋಗಿಗಳ ರಕ್ತದಲ್ಲಿಯೂ ಮೂತ್ರದಲ್ಲಿಯೂ ಯೂರಿಕ್ ಆಮ್ಲ ಇಳಿದುಬಿಟ್ಟಿತ್ತು. ಏಕೆಂದರೆ ಯೂರಿಕ್ ಆಮ್ಲವನ್ನು ತಯಾರಿಸುವುದೂ ಅದೇ ಕಿಣ್ವ. ಡ್ಯೂಕ್ ವಿಶ್ವವಿದ್ಯಾಲಯದ ವೇಯ್ನ್ ರಂಡಲ್ಸ್ ಮೊದಲಾದವರು ಇದನ್ನು ಗೌಟ್ ರೋಗಿಗಳಿಗೆ ಕೊಟ್ಟು 1963ರಲ್ಲಿ ಫಲಿತಾಂಶ ಪ್ರಕಟಿಸಿದರು. 1966ರಲ್ಲಿ ಅಮೆರಿಕಾ ಸರ್ಕಾರದ ಅನುಮತಿ ದೊರೆಯಿತು. 1988ರಲ್ಲಿ ಎಲಿಯನ್, ಹಿಚಿಂಗ್ಸ್ ಇಬ್ಬರಿಗೂ, ಜೇಮ್ಸ್ ಬ್ಲಾಕ್ ಅವರೊಡನೆ, ನೊಬೆಲ್ ಪಾರಿತೋಷಕ ಬಂತು. ಉಪ್ಪಿನಕಾಯಿಯ ಹುಳಿ ನೋಡುತ್ತಿದ್ದ ಕೈಯೇ ರಕ್ತದ ಹುಳಿಯನ್ನೂ ಇಳಿಸಿತು.

ಆದರೆ ಈ ಔಷಧದ ಬಳಕೆಯಲ್ಲಿ ಒಂದು ತೊಡಕುಂಟು. ತಿಳಿಯದವರು ಅಲ್ಲಿಯೇ ಎಡವುತ್ತಾರೆ. ಯೂರಿಕ್ ಆಮ್ಲ ಇಳಿಯತೊಡಗಿದಾಗ ಹಳೆಯ ಹರಳುಗಳು ಸಡಿಲವಾಗಿ ಮೊದಲ ಕೆಲವು ತಿಂಗಳು ನೋವು ಮತ್ತೆ ಕೆರಳಬಹುದು. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಹೀಗೇ ಆಯಿತು. ಮಾತ್ರೆ ಹಿಡಿದ ಎರಡನೆಯ ವಾರ ಮೊಣಕಾಲು ಬಾತಿತು. ‘ಇದು ಮದ್ದಲ್ಲ, ಮಾರಿ’ ಎಂದು ಬಿಸುಟರು. ಸಿಕ್ಕಿದವರಿಗೆಲ್ಲ ಹಾಗೆಯೇ ಸಾರಿದರು. ಏಳೆಂಟು ವರ್ಷ ನೋವಿನ ಮಾತ್ರೆಯಲ್ಲಿಯೇ ಕಳೆದರು. ಈಗ ಮೊಣಕೈಯಲ್ಲಿ ಗಜ್ಜುಗದಂಥ ಗಂಟುಗಳು. ಒಡೆದರೆ ಸೀಮೆಸುಣ್ಣದಂಥ ಬಿಳಿಯ ಹಿಟ್ಟು ಬರುತ್ತದೆ. ಮೂತ್ರಪಿಂಡದ ವೈದ್ಯರಲ್ಲಿಗೂ ಓಡಾಟ ಬಂದಿದೆ. ವೈದ್ಯರು ಇಂದು ಅನುಸರಿಸುವ ಕ್ರಮವೆಂದರೆ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ರಕ್ತಪರೀಕ್ಷೆ ನೋಡುತ್ತ, ಯೂರಿಕ್ ಆಮ್ಲ 6ಕ್ಕಿಂತ ಕೆಳಗೆ ಬರುವವರೆಗೆ ಮೆಲ್ಲನೆ ಏರಿಸುವುದು. ಮೊದಲ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ನಿನಂಥದನ್ನು ಸಣ್ಣ ಪ್ರಮಾಣದಲ್ಲಿ ಕಾವಲಿಗಿಡುವುದು. ನೋವಿಲ್ಲವೆಂದು ನಡುವೆ ಬಿಟ್ಟರೆ ಶಿಲ್ಕು ಮತ್ತೆ ಮೊದಲಿನಂತೆಯೇ. ಅಪರೂಪವಾಗಿ ಅಲೊಪ್ಯೂರಿನಾಲ್ ಮೈಯ ಚರ್ಮವೆಲ್ಲ ಸುಲಿದು ಪ್ರಾಣಾಪಾಯ ತರುವುದೂ ಉಂಟು. ರಕ್ತದಲ್ಲಿ ಒಂದು ಬಗೆಯ ಆನುವಂಶಿಕ ಗುರುತಿರುವವರಿಗೆ ಈ ಅಪಾಯ ಬಹಳ ಹೆಚ್ಚೆಂದು 2005ರಲ್ಲಿ ತೈವಾನಿನವರು ಕಂಡುಹಿಡಿದರು. ಆದ್ದರಿಂದ ಮೈಯಲ್ಲಿ ದದ್ದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಲ್ಲಿಗೆ ಓಡಬೇಕು. ಜಪಾನಿನಿಂದ ಬಂದ ಫೆಬುಕ್ಸೊಸ್ಟಾಟ್ ಎಂಬ ಇನ್ನೊಂದು ಔಷಧಕ್ಕೆ ಅಮೆರಿಕಾದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಹೃದ್ರೋಗವಿರುವವರಲ್ಲಿ ಎಚ್ಚರಿಕೆ ಬೇಕೆಂದು 2019ರಲ್ಲಿ ಅಲ್ಲಿಯ ಸರ್ಕಾರವೇ ಕಟುವಾಗಿ ತಿಳಿಸಿತು.

ಪಥ್ಯದ ಮಾತು ಬಂದರೆ ನಮ್ಮವರು ಮೊದಲು ತೊಗರಿಬೇಳೆಯನ್ನು ಗಡೀಪಾರು ಮಾಡುತ್ತಾರೆ. ಅಮೆರಿಕಾದಲ್ಲಿ ನಲವತ್ತೇಳು ಸಾವಿರ ಗಂಡಸರನ್ನು ಹನ್ನೆರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಾಂಸ, ಸಮುದ್ರದ ಮೀನುಗಳು ಗೌಟಿನ ಸಂಭವವನ್ನು ಹೆಚ್ಚಿಸಿದವೆಂದೂ, ಬೇಳೆ ಸೊಪ್ಪುಗಳಲ್ಲಿರುವ ಪ್ಯೂರಿನ್ ಹೆಚ್ಚಿಸಲಿಲ್ಲವೆಂದೂ, ಹಾಲು ಮೊಸರು ತಗ್ಗಿಸಿದವೆಂದೂ ಕಂಡಿತು. ಬಿಯರಿನಂಥ ಮದ್ಯ, ಸಕ್ಕರೆ ತುಂಬಿದ ಸೀಸೆಯ ಪಾನೀಯ, ಇವು ನಿಜವಾದ ಅಪರಾಧಿಗಳು. ಹುಳಿಯನ್ನ ಮಜ್ಜಿಗೆಯನ್ನದ ಮೇಲೆ ಯಾವ ಮೊಕದ್ದಮೆಯೂ ಇಲ್ಲ.

ಪ್ರಮಾಣದ ಲೆಕ್ಕಕ್ಕೆ ಮರಳೋಣ. ಕೊಲ್ಚಿಸಿನ್ನನ್ನು ಗಂಟೆಗೊಂದರಂತೆ, ನೋವು ಇಳಿಯುವವರೆಗೆ ಅಥವಾ ವಾಂತಿಭೇದಿ ಹಿಡಿಯುವವರೆಗೆ ನುಂಗಿಸುವುದು ಬಹುಕಾಲ ನಡೆದ ಪದ್ಧತಿ. 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆರು ಗಂಟೆಗಳಲ್ಲಿ 4.8 ಮಿಲಿಗ್ರಾಂ ಕೊಟ್ಟವರಿಗೂ, ಒಂದು ಗಂಟೆಯೊಳಗೆ 1.8 ಮಿಲಿಗ್ರಾಂ ಮಾತ್ರ ಕೊಟ್ಟು ನಿಲ್ಲಿಸಿದವರಿಗೂ ನೋವು ಇಳಿದದ್ದು ಒಂದೇ ಸಮ. ಹೊಟ್ಟೆಯ ಸಂಕಟ ಮಾತ್ರ ಹೆಚ್ಚು ಕೊಟ್ಟವರಿಗೆ ಬಹಳ ಹೆಚ್ಚು. ಅಲೆಕ್ಸಾಂಡರನ ಕಾಲದಿಂದ ರೋಗಿಗಳು ಅನುಭವಿಸಿದ ಸಂಕಟದಲ್ಲಿ ಬಹುಪಾಲು ಅನಾವಶ್ಯಕವಾಗಿತ್ತು. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಔಷಧಗಳು ಜೊತೆಗೆ ಸೇರಿದರೆ ಈ ಸಣ್ಣ ಪ್ರಮಾಣವೂ ಮೈಯಲ್ಲಿ ವಿಷದ ಮಟ್ಟಕ್ಕೆ ಏರುತ್ತದೆ. ಮೂತ್ರಪಿಂಡ ಬಲಹೀನವಾಗಿದ್ದರೂ ಹಾಗೆಯೇ. ಅಂಗಡಿಯವನ ಕೈಯಿಂದ ಕೇಳಿ ನುಂಗುವ ಮಾತ್ರೆಯಲ್ಲ ಇದು.

ಹುಸ್ಸೋನನ ಸೀಸೆಯನ್ನು ನೆನಪಿಡಿ ಎಂದಿದ್ದೆವು. ಕೊಲ್ಚಿಸಿನ್ ಅಮೆರಿಕಾದಲ್ಲಿ ಹಳೆಯ ಕಾಲದಿಂದ ವಿಧಿವತ್ತಾದ ಅನುಮತಿಯಿಲ್ಲದೆಯೇ ಮಾರಾಟವಾಗುತ್ತಿತ್ತು. ಮಾತ್ರೆಗೆ ಒಂಬತ್ತು ಸೆಂಟಿನಷ್ಟು ಬೆಲೆ. ಒಂದು ಕಂಪೆನಿ ಪರೀಕ್ಷೆಗಳನ್ನು ನಡೆಸಿ 2009ರಲ್ಲಿ ಅನುಮತಿಯನ್ನೂ, ಕೆಲವು ವರ್ಷಗಳ ಏಕಸ್ವಾಮ್ಯವನ್ನೂ ಪಡೆಯಿತು. ಮಾತ್ರೆಯ ಬೆಲೆ ಸುಮಾರು ಐದು ಡಾಲರಿಗೆ ಹಾರಿತು, ಐವತ್ತು ಪಟ್ಟಿಗೂ ಹೆಚ್ಚು. ಪರೀಕ್ಷೆಗೆ ಹಣ ಹಾಕಿದವನಿಗೆ ಪ್ರತಿಫಲ ಬೇಕೆಂಬುದು ವಾಣಿಜ್ಯಶಾಸ್ತ್ರ ಓದಿದ ನಮಗೆ ತಿಳಿಯದ್ದಲ್ಲ. 1.8 ಮಿಲಿಗ್ರಾಮಿನ ಸತ್ಯ ಹೊರಬಿದ್ದದ್ದೂ ಆ ಪರೀಕ್ಷೆಗಳಿಂದಲೇ. ಆದರೂ ಸಾವಿರಾರು ವರ್ಷಗಳ ಹಳೆಯ ಮೂಲಿಕೆಗೆ ಈ ಬೆಲೆ ನ್ಯಾಯವೆಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಅದೃಷ್ಟವಶಾತ್ ಈ ಮಾತ್ರೆ ಕೆಲವೇ ರೂಪಾಯಿಗೆ ಸಿಗುತ್ತದೆ. 2023ರಲ್ಲಿ ಅಮೆರಿಕಾ ಸರ್ಕಾರ ಇದೇ ಕೊಲ್ಚಿಸಿನ್ನನ್ನು ದಿನಕ್ಕೆ ಅರ್ಧ ಮಿಲಿಗ್ರಾಮಿನಂತೆ ಕೆಲವು ಹೃದ್ರೋಗಿಗಳಿಗೂ ಕೊಡಲು ಒಪ್ಪಿಗೆ ಕೊಟ್ಟಿದೆ.

ನಮ್ಮ ಮಲೆನಾಡಿನಲ್ಲಿ ಗೌರಿಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಹಬ್ಬಿ, ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆ ಚಾಚುವ ಬಳ್ಳಿಯನ್ನು ಊರಿನಲ್ಲಿ ಬೆಳೆದವರು ಮರೆತಿರಲಾರರು. ಗೌರಿ ಹೂವೆನ್ನುತ್ತೇವೆ, ಅಗ್ನಿಶಿಖೆಯೆನ್ನುತ್ತೇವೆ. ಅದರ ಗಡ್ಡೆಯನ್ನು ಮುಟ್ಟಬೇಡವೆಂದು ಅಜ್ಜಿಯರು ಹೇಳುತ್ತಿದ್ದುದೂ ನೆನಪಿರಬಹುದು. ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಆ ಗಡ್ಡೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಬೀಜದಲ್ಲಿಯೂ ಇರುವುದು ಕೊಲ್ಚಿಸಿನ್ನೇ! ಕೊಲ್ಕಿಸ್ ನಾಡಿನ ವಿಷ ನಮ್ಮ ಬೇಲಿಯ ಮೇಲೆಯೇ ಇತ್ತು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲೀ ಎಂದು ಹೆಸರು, ಗಡ್ಡೆ ನೇಗಿಲಿನ ಆಕಾರದಲ್ಲಿರುವುದರಿಂದ. ನಮ್ಮ ವೈದ್ಯರು ಇದನ್ನು ಉಪವಿಷಗಳ ಪಟ್ಟಿಯಲ್ಲಿಟ್ಟರು. ತಮಿಳರೂ ಅದನ್ನೇ ನೇಗಿಲಿನ ಹೆಸರಿನಿಂದ ‘ಕಲಪ್ಪೈ ಕಿಳಂಗು’ ಎನ್ನುತ್ತಾರೆ. ಹೂವಿಗೆ ‘ಸೆಂಗಾಂದಳ್’ ಎಂದು ಹೆಸರು. ಸಂಗಂ ಕಾಲದ ಕವಿಗಳು ಹೆಣ್ಣಿನ ಬೆರಳುಗಳಿಗೆ ಹೋಲಿಸಿದ ಹೂ, ಈಗ ತಮಿಳುನಾಡಿನ ರಾಜ್ಯಪುಷ್ಪ.

ಧಾರಾಪುರ, ಮೂಲನೂರು, ಒಟ್ಟನ್‌ಛತ್ರಗಳ ಕಡೆಯ ರೈತರು ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಬೀಜಗಳು ಕೊಲ್ಚಿಸಿನ್ ತೆಗೆಯುವ ಕಾರ್ಖಾನೆಗಳಿಗೂ ಪರದೇಶಗಳಿಗೂ ಹೋಗುತ್ತವೆ. ಬೆಲೆ ಒಂದು ವರ್ಷವಿದ್ದಂತೆ ಇನ್ನೊಂದು ವರ್ಷವಿರುವುದಿಲ್ಲ. ರಾಜ್ಯೋತ್ಸವದ ಈ ದಿನಗಳಲ್ಲಿ ಆ ದಾರಿಯಾಗಿ ಬಸ್ಸಿನಲ್ಲಿ ಹೋಗುವವರು ಹೊಲಗಳನ್ನು ನೋಡಬಹುದು. ಈ ಹೂವು ತಾನಾಗಿ ಕಾಯಿ ಕಚ್ಚುವುದು ಕಡಿಮೆ. ಆದ್ದರಿಂದ ಬೆಳಗ್ಗೆ ಕೂಲಿಯವರು ಸಾಲುಸಾಲಾಗಿ ನಡೆಯುತ್ತ ಒಂದೊಂದು ಹೂವಿನ ಪರಾಗವನ್ನೂ ಕೈಯಿಂದಲೇ ಮುಟ್ಟಿಸಿಕೊಂಡು ಹೋಗುತ್ತಾರೆ.